ಮೂರನೆಯ ಅಕ್ಷರದ ಓಲಾಟ

ಅಡಿನೀನಿಗೆ ಯುರಾಸಿಲ್, ಗ್ವಾನೀನಿಗೆ ಸೈಟೊಸೀನ್: ಆರ್.ಎನ್.ಎ. ಅಣುಗಳಲ್ಲಿ ಪ್ರತ್ಯಾಮ್ಲಗಳು ಜೋಡಿಯಾಗುವ ಈ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸಬಲ್ಲರು. ನಿಯಮವೇನೋ ಸರಿಯೆ. ಆದರೆ ಪ್ರೋಟೀನು ತಯಾರಾಗುವ ರೈಬೊಸೋಮಿನಲ್ಲಿ ಅದಕ್ಕೊಂದು ರಿಯಾಯಿತಿಯುಂಟು. ಆ ರಿಯಾಯಿತಿಯನ್ನು ಕುಂದೆಂಬಂತೆ ಎರಡು ಸಾಲಿನಲ್ಲಿ ಹೇಳಿ ಮುಗಿಸುವುದು ನಮಗೆ ಸರಿಕಾಣದು.

ದೂತ ಆರ್.ಎನ್.ಎ.ಯಲ್ಲಿ ಮೂರು ಅಕ್ಷರಗಳ ಗುಂಪೇ ಒಂದು ಕೋಡಾನ್. ಇಂಥ 64ರಲ್ಲಿ 61 ಕೋಡಾನುಗಳು ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ನಿಲುಗಡೆಯ ಗುರುತುಗಳು. ಅಮೈನೊ ಆಮ್ಲವನ್ನು ಹೊತ್ತುತರುವ ವಾಹಕ ಆರ್.ಎನ್.ಎ. ತನ್ನ ಆಂಟಿಕೋಡಾನಿನ ಮೂರು ಅಕ್ಷರಗಳಿಂದ ಕೋಡಾನನ್ನು ಗುರುತುಹಿಡಿಯುತ್ತದೆ. ಜೋಡಣೆಯೆಲ್ಲ ಕಟ್ಟುನಿಟ್ಟಾಗಿದ್ದರೆ 61 ಬಗೆಯ ಆಂಟಿಕೋಡಾನುಗಳು ಬೇಕಾಗುತ್ತಿದ್ದುವು. ಅಷ್ಟು ಬೇಕಿಲ್ಲವೆಂದು 1966ರಲ್ಲಿ ಫ್ರಾನ್ಸಿಸ್ ಕ್ರಿಕ್ ತರ್ಕಿಸಿದರು. ಮೊದಲೆರಡು ಜೋಡಿಗಳು ಬಿಗಿ. ಕೋಡಾನಿನ ಮೂರನೆಯ ಅಕ್ಷರವು ಆಂಟಿಕೋಡಾನಿನ ಮೊದಲನೆಯದನ್ನು ಕೂಡುವಲ್ಲಿ ಮಾತ್ರ ತುಸು ಓಲಾಟಕ್ಕೆ ಎಡೆಯುಂಟು. (ಎರಡು ಎಳೆಗಳೂ ವಿರುದ್ಧ ದಿಕ್ಕಿನಲ್ಲಿ ಸಾಗುವುದರಿಂದ ಮೂರನೆಯದಕ್ಕೆ ಮೊದಲನೆಯದು ಎದುರಾಗುತ್ತದೆ.) ಆಂಟಿಕೋಡಾನಿನ ಆ ಸ್ಥಾನದಲ್ಲಿರುವ ಗ್ವಾನೀನ್ ಯುರಾಸಿಲನ್ನೂ ಕೂಡಬಲ್ಲದು; ಯುರಾಸಿಲ್ ಗ್ವಾನೀನನ್ನೂ ಕೂಡಬಲ್ಲದು. ಇನೊಸೀನ್ ಇದ್ದರಂತೂ ಯುರಾಸಿಲ್, ಸೈಟೊಸೀನ್, ಅಡಿನೀನ್ ಮೂರಕ್ಕೂ ಸಲ್ಲುತ್ತದೆ. ರಾಬರ್ಟ್ ಹಾಲಿ ಮತ್ತು ಸಂಗಡಿಗರು 1965ರಲ್ಲಿ ರಚನೆಯನ್ನು ಬಿಡಿಸಿದ ಯೀಸ್ಟಿನ ಅಲನೀನ್ ವಾಹಕದಲ್ಲಿ ಈ ಇನೊಸೀನೇ ಇದೆ.

ಹಾಗಾದರೆ ಇದು ಸಡಿಲ ಕೆಲಸವೆ? ನಾವು ಹಾಗೆ ತಿಳಿಯೆವು. ನಮ್ಮ ಮೈಟೊಕಾಂಡ್ರಿಯಗಳು ಬರಿಯ 22 ವಾಹಕಗಳಿಂದ 60 ಕೋಡಾನುಗಳನ್ನು ಓದಿಕೊಳ್ಳುವುದು ಈ ಓಲಾಟದ ಬಲದಿಂದಲೇ. ಅದು ತಪ್ಪಿದರೆ ಏನಾದೀತೆಂಬುದಕ್ಕೆ ಮಿದುಳನ್ನೂ ಸ್ನಾಯುಗಳನ್ನೂ ಬಾಧಿಸುವ 'ಮೆಲಾಸ್' ರೋಗವನ್ನು ನೋಡಬೇಕು. ಬಹುಪಾಲು ರೋಗಿಗಳಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ.ಯ 3243ನೆಯ ಸ್ಥಾನದಲ್ಲಿ ಅಡಿನೀನ್ ಹೋಗಿ ಗ್ವಾನೀನ್ ಬಂದಿರುತ್ತದೆ. ಆ ಸ್ಥಾನ ಲ್ಯೂಸೀನ್ ವಾಹಕವೊಂದಕ್ಕೆ ಸೇರಿದ್ದು, ಆಂಟಿಕೋಡಾನಿಗೆ ಸೇರಿದ್ದಲ್ಲ. ಆದರೂ ಈ ಬದಲಾವಣೆಯಿಂದ ಆಂಟಿಕೋಡಾನಿನ ಮೊದಲ ಅಕ್ಷರಕ್ಕೆ ಕೂಡಬೇಕಾದ ಟಾರೀನಿನ ಅಂಶ ಕೂಡುವುದಿಲ್ಲ. ಆಗ ಕೊನೆಯಲ್ಲಿ ಅಡಿನೀನುಳ್ಳ ಕೋಡಾನನ್ನು ಆ ವಾಹಕ ಓದುತ್ತದೆ, ಗ್ವಾನೀನುಳ್ಳದ್ದರ ಮುಂದೆ ತಡವರಿಸುತ್ತದೆ. ಇಲ್ಲಿ ಕೆಟ್ಟದ್ದು ಓಲಾಟ ಹೆಚ್ಚಿದ್ದರಿಂದಲ್ಲ, ಇರಬೇಕಾದ ಓಲಾಟ ಇಲ್ಲವಾದದ್ದರಿಂದ!

ಕೋಡಾನನ್ನು ಕೊಟ್ಟು ಅದರ ಆಂಟಿಕೋಡಾನನ್ನು ಬರೆಯಿರೆಂದು ಕೇಳುವ ಪ್ರಶ್ನೆಗೆ ಒಂದೇ ಉತ್ತರಕ್ಕೆ ಅಂಕ ದೊರೆಯುತ್ತದೆ. ಅದರ ಬದಲು ಆಂಟಿಕೋಡಾನನ್ನು ಕೊಟ್ಟು, ಅದು ಯಾವ ಯಾವ ಕೋಡಾನುಗಳನ್ನು ಓದೀತೆಂದು ಅಧ್ಯಾಪಕರು ಏಕೆ ಕೇಳಬಾರದು?