ಬಾವಿಯ ಹೂಳೆತ್ತುವ ಕಾಲದಲ್ಲಿ ಮುಳುಗು ಪಂಪುಗಳ ಆಯ್ಕೆ ಮತ್ತು ಉಪಯೋಗ

ಸುಗ್ಗಿಯ ಕೆಲಸ ತೀರಿ, ಬಾವಿಗಳಲ್ಲಿ ನೀರು ಕೆಳಗಿಳಿಯುವ ಮಾಘ, ಫಾಲ್ಗುಣ ಮಾಸಗಳಲ್ಲಿ ಹೂಳು ತೆಗೆಯಿಸುವುದು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯಾಗಿರುತ್ತದೆ. ಕೊಳವೆಬಾವಿಗಳು ಹೆಚ್ಚಿದ ಮೇಲೆ ತೆರೆದ ಬಾವಿಗಳು ಅನೇಕ ಕಡೆ ಅಲಕ್ಷ್ಯಕ್ಕೆ ಗುರಿಯಾದುವು. ಕೊಳವೆಬಾವಿಗಳೇ ಬತ್ತತೊಡಗಿದಾಗ ಹಿರಿಯರು ತೋಡಿಸಿದ ಬಾವಿಯ ನೆನಪು ಮತ್ತೆ ಬರುತ್ತಿರುವುದು ಸಂತೋಷದ ವಿಷಯವೇ ಸರಿ. ಕಪಿಲೆ, ಏತಗಳ ಕಾಲದಲ್ಲಿ ಒಂದು ಬಾವಿಯನ್ನು ಬರಿದುಮಾಡಲು ದಿನಗಟ್ಟಲೆ ಎತ್ತು, ಆಳುಗಳು ದುಡಿಯಬೇಕಾಗಿದ್ದಿತು. ಈಗ ಅರ್ಧ ದಿನದಲ್ಲಿ ಆ ಕೆಲಸ ಮುಗಿಯುತ್ತದೆ. ಆದರೆ ಈ ಸೌಕರ್ಯವನ್ನು ತಕ್ಕ ತಿಳಿವಳಿಕೆಯಿಲ್ಲದೆ ಬಳಸಿದುದರಿಂದ ಬಾವಿಗೆ ಇಳಿದ ಕೂಲಿಗಳು ಮೇಲಕ್ಕೆ ಬಾರದೆ ಹೋದ ಸಂಗತಿಗಳು ಪದೇ ಪದೇ ಕೇಳಿಬರುತ್ತಿವೆ. ಬಾವಿಯ ಯಜಮಾನನೂ ಗ್ರಾಮದ ಮುಖ್ಯಸ್ಥನೂ ಇದನ್ನು ದೈವಾಧೀನವೆಂದು ತಳ್ಳಿಬಿಡುವುದು ಯುಕ್ತವಲ್ಲ. ಯಾವ ಪಂಪನ್ನು ತರಿಸಬೇಕು, ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಗೊತ್ತುಮಾಡುವವರು ಅವರೇ ಹೊರತು, ಇಳಿಯತಕ್ಕ ಕೂಲಿಯಲ್ಲ.

ಅನರ್ಥದ ಮೂಲವು ಹೀಗಿದೆ. ದಡದ ಮೇಲೆ ಕುಳಿತು ನೀರನ್ನು ಹೀರತಕ್ಕ ಪಂಪು ವಾಸ್ತವವಾಗಿ ನೀರನ್ನು ಎಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡವು ಲೆಕ್ಕಕ್ಕೆ ಸುಮಾರು 34 ಅಡಿ ನೀರನ್ನು ಏರಿಸಬಲ್ಲುದು. 3000 ಅಡಿ ಎತ್ತರದಲ್ಲಿರುವ ಮೈಸೂರು ಪ್ರಸ್ಥಭೂಮಿಯಲ್ಲಿ ಸುಮಾರು 30 ಅಡಿ ಮಾತ್ರ. ಪೈಪು, ಫುಟ್‌ವಾಲ್ವುಗಳಲ್ಲಿ ಆಗುವ ನಷ್ಟವನ್ನು ಕಳೆದರೆ 20 ಅಡಿಗಿಂತ ಹೆಚ್ಚಿನ ಭರವಸೆಯಿಲ್ಲ. 40 ಅಡಿಯ ಬಾವಿಯಲ್ಲಿ ನೀರು ಈ ಎಲ್ಲೆಗಿಂತ ಕೆಳಗಿಳಿದ ಒಡನೆಯೇ ಪಂಪು ಸುಮ್ಮನಾಗುತ್ತದೆ. ಆಗ ಕೆಲಸದವರು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನನ್ನೇ ಹಗ್ಗ ಕಟ್ಟಿ ಬಾವಿಯೊಳಗಿನ ಮೆಟ್ಟಿಲಿಗೋ ಬಂಡೆಗೋ ಇಳಿಸುತ್ತಾರೆ. ಎಂಜಿನ್ನು ಹೊರಬಿಡುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಾವಿಯಲ್ಲಿ, ಎಂಜಿನ್ನು ನಿಂತ ಮೇಲೂ, ಅದು ಬಹಳ ಹೊತ್ತು ಉಳಿದಿರುತ್ತದೆ. ಇಳಿದವನು ಕುಸಿದುಬೀಳುತ್ತಾನೆ, ಅವನನ್ನು ಎತ್ತಲು ಅಣ್ಣನೋ ಮಗನೋ ಧಾವಿಸಿ ಇಳಿದು ಅಲ್ಲಿಯೇ ಬೀಳುತ್ತಾನೆ.

ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ಪರೀಕ್ಷಿಸುವ ವಾಡಿಕೆ ಹಳ್ಳಿಗಳಲ್ಲಿ ಉಂಟು. ಪ್ರಾಣವಾಯು ತೀರ ಕಡಮೆಯಾಗಿದ್ದರೆ ದೀಪವು ಆರುವುದೇನೋ ನಿಜ. ಆದರೆ ಮನುಷ್ಯನನ್ನು ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಸೇರಿರುವ ಗಾಳಿಯಲ್ಲಿಯೂ ದೀಪವು ಚೆನ್ನಾಗಿಯೇ ಉರಿಯುತ್ತದೆ. ಕೊಳೆತ ಕಸದಿಂದ ಹುಟ್ಟಿದ ಅನಿಲವಿದ್ದರೆ ಆ ದೀಪವೇ ಬೆಂಕಿಗೆ ಕಾರಣವಾದೀತು. ದೀಪ ಉರಿಯಿತೆಂಬ ಧೈರ್ಯದಿಂದ ಆಳನ್ನು ಇಳಿಸುವುದು ಅಪಾಯಕರವಾದ ನಂಬಿಕೆ. ವಾಯುಗಳನ್ನು ಅಳೆಯುವ ಕೈಯಲ್ಲಿ ಹಿಡಿಯುವಂಥ ಉಪಕರಣಗಳು ಈಗ ದೊರೆಯುತ್ತವೆ. ಬ್ಲೋಯರಿನಿಂದ ತಳದವರೆಗೆ ಹೊಸ ಗಾಳಿಯನ್ನು ಊದಿಸುವುದೂ, ಇಳಿಯುವವನ ಮೈಗೆ ಹಗ್ಗ ಬಿಗಿದು ಮೇಲೆ ಇಬ್ಬರು ಹಿಡಿದಿರುವುದೂ ಎಲ್ಲ ಸಂದರ್ಭಗಳಲ್ಲಿಯೂ ಅವಶ್ಯಕ.

ಎಂಜಿನ್ನನ್ನು ಇಳಿಸುವ ಪ್ರಮೇಯವನ್ನೇ ತಪ್ಪಿಸತಕ್ಕ ಸಾಧನವೆಂದರೆ, ಕೈಯಿಂದ ಹೊತ್ತೊಯ್ಯಬಹುದಾದ ಸಬ್‌ಮರ್ಸಿಬಲ್, ಎಂದರೆ ಮುಳುಗು ಪಂಪು. 1947ರಲ್ಲಿ ಸ್ವೀಡನ್ ದೇಶದ ಸಿಕ್ಸ್ಟೆನ್ ಎಂಗ್ಲೆಸ್ಸನ್ ಎಂಬ ಇಂಜಿನಿಯರು ಗಣಿ ಮತ್ತು ಕಟ್ಟಡದ ಕೆಲಸಗಳಿಗಾಗಿ ಈ ಬಗೆಯ ಪಂಪನ್ನು ರೂಪಿಸಿದರು. ಇದು ನೀರನ್ನು ಹೀರುವ ಬದಲು ಕೆಳಗಿನಿಂದ ತಳ್ಳುವುದರಿಂದ 20 ಅಡಿಯ ಎಲ್ಲೆ ಇದಕ್ಕೆ ಅನ್ವಯಿಸುವುದಿಲ್ಲ. ಆದರೆ ಸಬ್‌ಮರ್ಸಿಬಲ್ ಎಂಬ ಹೆಸರುಳ್ಳುದೆಲ್ಲ ಒಂದೇ ಅಲ್ಲ. ಮನೆಯಲ್ಲಿ ಬಿದ್ದಿರುವ ಕೊಳವೆಬಾವಿಯ ಪಂಪನ್ನೇ ಹೂಳಿನ ಬಾವಿಗೆ ಇಳಿಸುವವರಿದ್ದಾರೆ. ಅದು ತಿಳಿನೀರಿಗಾಗಿ ಮಾಡಿದ್ದು. ಅದರ ಇಂಪೆಲ್ಲರುಗಳ ನಡುವಣ ಸಂದು ಬಹು ಕಿರಿದು, ಮರಳು ಹೊಕ್ಕರೆ ಬೇಗನೆ ಸವೆಯುತ್ತದೆ. ಅದರ ಮೋಟಾರು ಸುತ್ತಲೂ ಹರಿಯುವ ನೀರಿನಿಂದ ತಂಪಾಗಬೇಕು, ಕೆಸರಿನಲ್ಲಿ ಹುದುಗಿದರೆ ಸುಟ್ಟುಹೋಗುತ್ತದೆ. ಕೆಸರುನೀರಿಗಾಗಿಯೇ ಮಾಡಿದ ಡಿವಾಟರಿಂಗ್ ಪಂಪಿನಲ್ಲಿ ನೀರು ತಳದ ಜಾಲರಿಯಿಂದ ಒಳಹೊಕ್ಕು, ಮೋಟಾರಿನ ಹೊರಗವಚವನ್ನು ತಂಪುಮಾಡುತ್ತ ಮೇಲೇರುತ್ತದೆ. ಇಂಪೆಲ್ಲರು ಗಟ್ಟಿಯಾದ ಲೋಹದ್ದಾಗಿರುತ್ತದೆ. ದಂಡಕ್ಕೆ ಎಣ್ಣೆಯ ಕೋಣೆಯಲ್ಲಿ ಎರಡು ಸೀಲುಗಳಿರುತ್ತವೆ. ಈ ಎಣ್ಣೆಯನ್ನು ಆಗಾಗ ತೆಗೆದು ನೋಡಬೇಕು. ಅದು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಹೊರಗಣ ಸೀಲು ಸವೆದು ನೀರು ಸೇರಿದೆಯೆಂದು ತಿಳಿಯತಕ್ಕದ್ದು.

ಇನ್ನು ಆಯ್ಕೆಯ ವಿಷಯ. ಅಂಗಡಿಗೆ ಹೋದ ರೈತನು ಮೊದಲು ಕೇಳುವುದು "ಎಷ್ಟು ಎಚ್.ಪಿ.?" ಎಂದು. ಎತ್ತಿನ ಜೋಡಿಯನ್ನು ಕೊಳ್ಳುವವನು ಕೆಲಸವನ್ನು ಯೋಚಿಸದೆ ಎತ್ತಿನ ತೂಕವನ್ನು ಮಾತ್ರ ಕೇಳಿದಂತೆ ಇದು. ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟು ಎತ್ತರಕ್ಕೆ, ಆ ಎತ್ತರದಲ್ಲಿ ಸೆಕೆಂಡಿಗೆ ಎಷ್ಟು ಲೀಟರು. ಮಾರುವವರ ಪತ್ರಿಕೆಗಳಲ್ಲಿ ಗರಿಷ್ಠ ಎತ್ತರವನ್ನೂ ಗರಿಷ್ಠ ನೀರಿನ ಪ್ರಮಾಣವನ್ನೂ ಒಂದರ ಪಕ್ಕದಲ್ಲಿ ಒಂದನ್ನು ಅಚ್ಚುಹಾಕಿರುತ್ತಾರೆ. ಇವೆರಡೂ ಏಕಕಾಲದಲ್ಲಿ ಎಂದಿಗೂ ದೊರೆಯುವುದಿಲ್ಲ. ಗರಿಷ್ಠ ಎತ್ತರದಲ್ಲಿ ನೀರು ಬರುವುದೇ ಇಲ್ಲ. ಎತ್ತರ ಹೆಚ್ಚಿದಂತೆ ನೀರು ಹೇಗೆ ಕುಗ್ಗುತ್ತದೆಂಬ ಗೆರೆಯ ಚಿತ್ರವನ್ನು ಕೇಳಿ ಪಡೆದು, ಅದರಲ್ಲಿ ತನ್ನ ಬಾವಿಯ ಎತ್ತರವನ್ನು ಹುಡುಕಿ ನೋಡಿದ ಹೊರತು ಹಣ ಕೊಡಲಾಗದು.

20 ಅಡಿ ವ್ಯಾಸದ, 40 ಅಡಿ ಆಳದ ಒಂದು ಬಾವಿಯಲ್ಲಿ 12 ಅಡಿ ನೀರು ನಿಂತಿದೆಯೆಂದು ಇಟ್ಟುಕೊಳ್ಳೋಣ. ಅದು ಸುಮಾರು 1 ಲಕ್ಷ 7 ಸಾವಿರ ಲೀಟರಾಗುತ್ತದೆ. ಸೆಕೆಂಡಿಗೆ 10 ಲೀಟರು ಎತ್ತುವ ಪಂಪಿಗೆ ಇದು ಮೂರು ಗಂಟೆಯ ಕೆಲಸ. ಆದರೆ ಒರತೆಯನ್ನು ಮರೆಯಲಾಗದು. ಪಂಪು ನಿಲ್ಲಿಸಿದ ಒಂದು ಗಂಟೆಯಲ್ಲಿ ನೀರು 1 ಅಡಿ ಏರಿದರೆ ಒರತೆಯು ಸೆಕೆಂಡಿಗೆ ಸುಮಾರು 2.5 ಲೀಟರು ಎಂದಾಯಿತು. ಆಗ ಕೆಲಸವು ನಾಲ್ಕು ಗಂಟೆಗೆ ಬೆಳೆಯುತ್ತದೆ. ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ದಿನದಲ್ಲಿ ಕೆಲವೇ ಗಂಟೆ ಬರುವ ಊರಿನಲ್ಲಿ ಈ ಲೆಕ್ಕಕ್ಕೆ ವಿಶೇಷ ಬೆಲೆಯುಂಟು. ಎತ್ತರವನ್ನು ಮೊದಲ ದಿನದ ನೀರಿನ ಮಟ್ಟದಿಂದ ಅಳೆಯದೆ ತಳದಿಂದಲೇ ಅಳೆಯಬೇಕು: ಬಾವಿ 40 ಅಡಿ, ದಡದಿಂದ ಹೊಲದ ಏರಿಗೆ 10 ಅಡಿ, ಪೈಪಿನ ಉಜ್ಜುವಿಕೆಗೆ 10 ಅಡಿ, ಒಟ್ಟು 60. ಸೆಕೆಂಡಿಗೆ 10 ಲೀಟರನ್ನು ಇಷ್ಟು ಎತ್ತಲು ನೀರಿಗೆ ಸಲ್ಲುವ ಶಕ್ತಿ ಸುಮಾರು 2.4 ಅಶ್ವಶಕ್ತಿ, ಪಂಪು ತಾನು ಪಡೆದ ಶಕ್ತಿಯಲ್ಲಿ ಅರ್ಧವನ್ನು ನೀರಿಗೆ ಕೊಡುತ್ತದೆಂದು ಎಣಿಸಿದರೆ 5 ಅಶ್ವಶಕ್ತಿಯ ಪಂಪು ಸಾಕು. ಅಶ್ವಶಕ್ತಿಯು ಹೀಗೆ ಲೆಕ್ಕದ ಕೊನೆಯಲ್ಲಿ ಬರತಕ್ಕದ್ದು, ಮೊದಲಲ್ಲಿ ಅಲ್ಲ. ಪೈಪಿನಲ್ಲಿ ಉಳಿತಾಯ ಮಾಡಹೊರಡುವುದೂ ತಪ್ಪು: 3 ಅಂಗುಲದ ಬದಲು 2½ ಅಂಗುಲದ ಪೈಪನ್ನು ಹಾಕಿದರೆ ಅಷ್ಟೇ ನೀರಿಗೆ ಉಜ್ಜುವಿಕೆಯ ನಷ್ಟವು ಸುಮಾರು ಎರಡೂವರೆ ಪಟ್ಟಾಗುತ್ತದೆ.

ಪಂಪನ್ನು ಅದರ ಹಿಡಿಗೆ ಕಟ್ಟಿದ ಹಗ್ಗದಿಂದ ಇಳಿಸಬೇಕು. ವಿದ್ಯುತ್ತಿನ ಕೇಬಲನ್ನು ಹಿಡಿದು ಜೋಲಿಸಿದರೆ ಸೀಲು ಕಿತ್ತು ನೀರು ಒಳಹೊಗುತ್ತದೆ. ಬಾವಿಯ ಮೂಲೆಯಲ್ಲಿ ಸಣ್ಣ ಗುಂಡಿ ತೋಡಿಸಿ, ತೂತು ಕೊರೆದ ಡ್ರಮ್ಮನ್ನು ಅದರಲ್ಲಿಟ್ಟು, ಡ್ರಮ್ಮಿನೊಳಗೆ ಚಪ್ಪಟೆ ಕಲ್ಲಿನ ಮೇಲೆ ಪಂಪನ್ನು ನಿಲ್ಲಿಸಿದರೆ ಕಸ, ಕಲ್ಲುಗಳ ಕಾಟ ತಪ್ಪುತ್ತದೆ. ಅರ್ತಿಂಗ್ ಇಲ್ಲದೆ, 30 ಮಿಲಿ ಆಂಪಿಯರಿನ ಸೋರಿಕೆಗೆ ವಿದ್ಯುತ್ತನ್ನು ಕಡಿಯತಕ್ಕ ಆರ್.ಸಿ.ಸಿ.ಬಿ. ಇಲ್ಲದೆ ಪಂಪನ್ನು ನಡೆಯಿಸಲೇಬಾರದು. ಜನರೇಟರನ್ನು ತಂದರೆ ಅದು ದಡದಿಂದ ದೂರ, ಹೊಗೆ ಬಾವಿಯ ಕಡೆಗೆ ಬಾರದಂತೆ ಇರತಕ್ಕದ್ದು.

ಈ ಎಲ್ಲ ಏರ್ಪಾಡುಗಳಿದ್ದರೂ ಪಂಪು ನಡೆಯುತ್ತಿರುವಾಗ ನೀರಿನಲ್ಲಿ ಮನುಷ್ಯನಿರಲಾಗದು. ಹೀಗೆಂದರೆ ಗುತ್ತಿಗೆದಾರರು, ಕೆಲಸವೇ ಸಾಗದು ಎಂದು ಆಕ್ಷೇಪಿಸುತ್ತಾರೆ. ಮೇಲಿನ ಬಾವಿಯನ್ನೇ ನೋಡಬಹುದು. ಪಂಪು ನಿಲ್ಲಿಸಿ ಅರ್ಧ ಗಂಟೆ ಹೂಳು ತುಂಬಿದರೆ ನೀರು ಅರ್ಧ ಅಡಿ ಏರುತ್ತದೆ. ಆಳುಗಳು ಮೇಲೆ ಬಂದು ಹತ್ತು ನಿಮಿಷ ಪಂಪು ನಡೆಯಿಸಿದರೆ ಅದು ಹೊರಹೋಗುತ್ತದೆ. ಆ ಹತ್ತು ನಿಮಿಷ ಕೂಲಿಗಳಿಗೆ ವಿಶ್ರಾಂತಿಯಾಗುತ್ತದೆ. ಸಾಗದೆಂಬ ಮಾತು ಲೆಕ್ಕ ಮಾಡದವರ ಮಾತು.

ನೀರನ್ನು ಬಲು ವೇಗವಾಗಿ ಇಳಿಸುವುದೂ ಕೆಲವು ಕಡೆ ಕೇಡು. ಕಲ್ಲುಕಟ್ಟಡವಿಲ್ಲದ ಬಾವಿಯ ಮಣ್ಣಿನ ಗೋಡೆಯ ಹಿಂದೆ ನಿಂತ ನೀರು, ಒಳಗಿನ ನೀರಿನ ಆಸರೆ ತಪ್ಪಿದ ಕೂಡಲೆ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಅಂಥ ಬಾವಿಯಲ್ಲಿ ಕೆಲವೇ ಅಡಿ ಇಳಿಸಿ, ನಿಲ್ಲಿಸಿ, ಗೋಡೆಯನ್ನು ಪರೀಕ್ಷಿಸಿ ಮುಂದುವರಿಯಬೇಕು. ತೆಗೆದ ಹೂಳನ್ನೂ ದಡದಲ್ಲಿಯೇ ಗುಡ್ಡೆಹಾಕದೆ ಹೊಲಕ್ಕೆ ಸಾಗಿಸುವುದು ಲೇಸು.

ಇಂಥ ಪಂಪನ್ನು ವರ್ಷಕ್ಕೆ ಎರಡು ದಿನದ ಕೆಲಸಕ್ಕಾಗಿ ಪ್ರತಿಯೊಬ್ಬ ಭೂಮಾಲೀಕನೂ ಕೊಳ್ಳುವುದು ವ್ಯರ್ಥ ವೆಚ್ಚ. ಅಗ್ಗವೆಂದು ಬಾಡಿಗೆಯ ಎಂಜಿನ್ನನ್ನು ತರಿಸುವುದು ಅದಕ್ಕಿಂತ ಕೆಟ್ಟುದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮದ ಮುಖಂಡರೇ ಆಗಿದ್ದರು. ಸಾಲಕ್ಕೆ ಒಂದಾದ ಗ್ರಾಮವು ಒಂದು ಪಂಪಿಗೆ ಒಂದಾಗಲಾರದೆಂದು ಹೇಳಲು ಕಾರಣವಿಲ್ಲ. ಗ್ರಾಮದ ಸಹಕಾರ ಸಂಘವು ಒಂದು ಡಿವಾಟರಿಂಗ್ ಪಂಪನ್ನು, ಅದರ ಸ್ಟಾರ್ಟರು, ಆರ್.ಸಿ.ಸಿ.ಬಿ., ಬ್ಲೋಯರು, ಹಗ್ಗಗಳ ಸಹಿತ ಇಟ್ಟುಕೊಂಡು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದು. ಮುರಿದ ತೂಬಿನ ರಿಪೇರಿಗೂ, ಶಾಲೆಯ ಕಟ್ಟಡದ ಅಡಿಪಾಯದಲ್ಲಿ ನಿಂತ ಮಳೆನೀರನ್ನು ತೆಗೆಯಲಿಕ್ಕೂ ಅದೇ ಪಂಪು ಒದಗುವುದು. ಆದರೆ ಪಂಪನ್ನು ಮಾತ್ರ ಕೊಟ್ಟು ಕಳುಹಿಸಕೂಡದು. ಅದನ್ನು ಬಲ್ಲ ಒಬ್ಬ ಆಳು ಜೊತೆಗೆ ಹೋಗಬೇಕು, ಮತ್ತು ಬಾವಿಯಲ್ಲಿ ಜನರಿರುವಾಗ ಸ್ವಿಚ್ಚನ್ನು ಹಾಕಲು ನಿರಾಕರಿಸುವ ಅಧಿಕಾರವು, ಯಜಮಾನನು ಎಷ್ಟೇ ದೊಡ್ಡವನಾಗಿರಲಿ, ಅವನಿಗೆ ಇರಬೇಕು. ಕೆಲಸ ಮುಗಿದ ಮೇಲೆ ಪಂಪನ್ನು ಕೆಲವು ನಿಮಿಷ ತಿಳಿನೀರಿನಲ್ಲಿ ನಡೆಯಿಸಿ, ಕೆಸರನ್ನು ತೊಳೆದು, ಒಣಗಿಸಿ ಇಡುವುದೂ ಅವನ ಕೆಲಸವೇ. ಬೇಸಗೆಯಲ್ಲಿ ಎಲ್ಲರಿಗೂ ಒಂದೇ ವೇಳೆಗೆ ಪಂಪು ಬೇಕಾಗುವುದರಿಂದ, ಸಂಕ್ರಾಂತಿಯ ಒಳಗಾಗಿಯೇ ಗ್ರಾಮದ ಬಾವಿಗಳ ಅಳತೆ, ಒರತೆಗಳನ್ನು ಬರೆದಿಟ್ಟು, ಕುಡಿಯುವ ನೀರಿನ ಬಾವಿಗಳನ್ನು ಮುಂದಿಟ್ಟು, ಸರದಿಯ ಪಟ್ಟಿಯನ್ನು ಸಂಘದ ಬಾಗಿಲಿಗೆ ಅಂಟಿಸತಕ್ಕದ್ದು.