ಕಂಪ್ಯೂಟರಿಗೊಂದು ಹಾಡುವ ಪೆಟ್ಟಿಗೆ

ಸಂಗೀತ ಬೇಡವೆನ್ನುವ ವಿದ್ಯಾರ್ಥಿಯು ನಮ್ಮ ಸೀಮೆಯಲ್ಲಿ ದೊರೆಯುವುದು ದುರ್ಲಭ. ಹಾನಗಲ್ಲಿನವನಿರಲಿ, ಶಿಗ್ಗಾಂವದವಳಿರಲಿ, ಸವಣೂರು ಹಿರೇಕೆರೂರುಗಳ ಕಡೆಯವರಿರಲಿ, ಬೆಳಗಿನ ಬಸ್ಸಿನಲ್ಲಿ ಕುಳಿತವರ ಕಿವಿಯಲ್ಲಿ ಒಂದಿಲ್ಲೊಂದು ಹಾಡು ಇದ್ದೇ ಇರುತ್ತದೆ. ಆದರೆ ಆ ಹಾಡು ಯಾರ ಸ್ವಾಧೀನದಲ್ಲಿದೆ, ಇನ್ನು ಹತ್ತು ವರ್ಷಗಳ ಮೇಲೆ ಕೇಳಬೇಕೆಂದರೆ ಸಿಕ್ಕೀತೇ ಎಂದು ವಿಚಾರಿಸುವವರು ತೀರ ಕಡಿಮೆ. ಕಂಪ್ಯೂಟರಿನಲ್ಲಿ ಹಾಡು ಕೇಳುವ ಸಲುವಾಗಿ ಯಾವ ಪ್ಲೇಯರನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎತ್ತಿದರೆ, ‘ಇದೂ ಒಂದು ಪ್ರಶ್ನೆಯೆ?’ ಎಂದು ಮಿತ್ರರು ನಕ್ಕಾರು. ಅದು ನಗುವ ಪ್ರಶ್ನೆಯಲ್ಲವೆಂದು ನಾನು ನಂಬಿದ್ದೇನೆ. ಆ ನಂಬುಗೆಗೆ ಕಾರಣಗಳನ್ನು ಸಹಪಾಠಿಗಳ ಮುಂದೆಯೂ ಗುರುವೃಂದದ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಸಂಪತ್ತನ್ನು ನೋಡೋಣ. ತತ್ತ್ವಪದಗಳ ಶರೀಫ ಸಾಹೇಬರು (1819–1889) ಶಿಗ್ಗಾಂವ ತಾಲೂಕಿನ ಶಿಶುವಿನಹಾಳದವರು. ಕನಕದಾಸರ ಬಾಡವೂ ಅದೇ ತಾಲೂಕಿನದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತದ ಬೆಳಕು ಕೊಟ್ಟ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿದವರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಹುಬ್ಬಳ್ಳಿಯಲ್ಲಿ ನೆಲೆಸಿದ ಗಂಗೂಬಾಯಿಯವರು ಹಾನಗಲ್ಲಿನ ಹೆಸರನ್ನು ಜಗತ್ತಿನ ಸಭೆಗಳಿಗೆಲ್ಲ ಒಯ್ದರು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದುದು ಸವಣೂರಿನಲ್ಲಿ. ಹಿರೇಕೆರೂರ ಸೀಮೆಯ ಅಬಲೂರು ಸರ್ವಜ್ಞನ ಊರೆಂದು ಹೆಸರಾದುದು. ಇಂಥ ನೆಲದ ಮಕ್ಕಳು ಹಾಡು ಕೇಳುವ ಉಪಕರಣವನ್ನು ಆರಿಸುವಾಗ ತುಸುವಾದರೂ ವಿವೇಚಿಸಬಾರದೆ?

ಇವೆಲ್ಲ ಹೆಸರುವಾಸಿಯಾದ ಸಂಪತ್ತು. ಹೆಸರಿಲ್ಲದ ಸಂಪತ್ತು ಇದಕ್ಕಿಂತ ದೊಡ್ಡದು. ಬೀಸುವ ಕಲ್ಲಿನ ಪದ, ಮದುವೆಯ ಸೋಬಾನೆ, ಕಣದ ಹಂತಿಯ ಹಾಡು, ಮೊಹರಮ್ಮಿನ ರಿವಾಯತ ಪದ, ಶ್ರಾವಣಮಾಸದ ಭಜನೆ ಇವುಗಳನ್ನು ಬಲ್ಲ ಹಿರಿಯರು ಪ್ರತಿ ಊರಿನಲ್ಲಿಯೂ ಇನ್ನೂ ಒಬ್ಬಿಬ್ಬರು ಇದ್ದಾರೆ. ನಮ್ಮ ಅಜ್ಜಿ ಹಾಡಿದ ಐದು ಬೀಸುವ ಪದಗಳು ನನ್ನ ಚಿಗವ್ವನ ಮೊಬೈಲಿನಿಂದ ವಾಟ್ಸಾಪಿನ ಮಾರ್ಗವಾಗಿ ನನಗೆ ಬಂದು ಮುಟ್ಟಿದವು. ಆ ಕಡತಗಳ ಹೆಸರೋ, ಮೂರು ಇಂಗ್ಲಿಷ್ ಅಕ್ಷರ, ಒಂದು ತಾರೀಖು, ಕೊನೆಗೆ ನಾಲ್ಕು ಅಂಕಿ! ಅಜ್ಜಿಯ ಹೆಸರಿಲ್ಲ, ಊರಿಲ್ಲ, ಪದದ ಮೊದಲ ಸೊಲ್ಲೂ ಇಲ್ಲ. ಮೊಬೈಲು ನೀರಿಗೆ ಬಿದ್ದರೆ, ಮಾರಿದರೆ, ಜಾಗ ಸಾಲದೆಂದು ಒರೆಸಿದರೆ ಅಲ್ಲಿಗೆ ಆ ಹಾಡಿನ ಆಯುಷ್ಯ ಮುಗಿಯಿತು. ಇಂಥವುಗಳಿಗೆ ಒಂದು ಖಾಯಂ ಮನೆ ಬೇಕು. ಆ ಮನೆ ಕಂಪ್ಯೂಟರು. ಅದರ ಬಾಗಿಲು ತೆರೆಯುವ ಕೀಲಿ ಪ್ಲೇಯರು.

‘ಎಲ್ಲವೂ ನೆಟ್ಟಿನಲ್ಲಿ ಸಿಗುವಾಗ ಈ ತಾಪತ್ರಯವೇಕೆ?’ ಎಂದು ಕೇಳುವವರಿದ್ದಾರೆ. ನೆಟ್ಟಿನ ಹಾಡುಸೇವೆಗಳನ್ನು ನಾನು ತೆಗಳುವವನಲ್ಲ. ಸಾವಿರ ರೂಪಾಯಿ ಕೊಟ್ಟರೂ ನಮ್ಮ ಊರಿನಲ್ಲಿ ಸಿಗದಿದ್ದ ಗಾಯನವನ್ನು ಬಡ ವಿದ್ಯಾರ್ಥಿಯ ಕಿವಿಗೆ ಮುಟ್ಟಿಸಿದ ಉಪಕಾರ ಅವುಗಳದು. ಆದರೆ ಅಲ್ಲಿ ನಾವು ಬಾಡಿಗೆಯವರು. ಗೂಗಲ್ ಪ್ಲೇ ಮ್ಯೂಸಿಕ್ ಎಂಬ ದೊಡ್ಡ ಸೇವೆ 2020ರಲ್ಲಿ ಮುಚ್ಚಿತು. ನಮ್ಮ ದೇಶದ ವಿಂಕ್ ಮ್ಯೂಸಿಕ್ ಮುಚ್ಚುವುದೆಂದು 2024ರಲ್ಲಿ ಸಾರಲಾಯಿತು. ಮುಚ್ಚುವವರು ನಮ್ಮನ್ನು ಕೇಳಿ ಮುಚ್ಚುವುದಿಲ್ಲ. ಅದೂ ಅಲ್ಲದೆ, ಅಜ್ಜಿಯ ಬೀಸುವ ಪದ ಯಾವ ಕಂಪನಿಯ ಪಟ್ಟಿಯಲ್ಲಿದೆ?

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಬೇರೆ, ಅಳೆದು ತೆಗೆಯುವ ಸೇರು ಬೇರೆ. ಸೇರು ಒಡೆದರೆ ಜೋಳ ಕೆಡುವುದಿಲ್ಲ. ಹಾಡಿನ ಕಡತಗಳಿರುವ ಫೋಲ್ಡರು ನಮ್ಮ ಹಗೇವು, ಪ್ಲೇಯರು ಸೇರು. ಈ ಭೇದವನ್ನು ಗೌರವಿಸುವ ಪ್ಲೇಯರೇ ಒಳ್ಳೆಯ ಪ್ಲೇಯರೆಂಬುದು ನನ್ನ ವಾದದ ತಿರುಳು. ಅಂದವಾದ ಮುಖ, ಕುಣಿಯುವ ಬಣ್ಣದ ಗೆರೆಗಳು, ಇವೆಲ್ಲ ಆಮೇಲಿನ ಮಾತು. ಆರಿಸುವವರು ಈ ಕೆಳಗಿನ ಐದು ಪರೀಕ್ಷೆಗಳನ್ನು ಮಾಡಿ ನೋಡಲಿ.

ಮೊದಲನೆಯದು, ಹಾಡಿನ ಹೆಸರು ಕಡತದೊಳಗೇ ಕನ್ನಡದಲ್ಲಿ ಬರೆಯಲು ಬರುತ್ತದೆಯೆ? ಎಂಪಿ3 ಕಡತದಲ್ಲಿ ಹಾಡಿನ ವಿವರ ಬರೆಯುವ ಪದ್ಧತಿ 1996ರಲ್ಲಿ ಬಂದಿತು. ಅದನ್ನು ಟ್ಯಾಗ್ ಎನ್ನುತ್ತಾರೆ. ಆಗ ಹಾಡಿನ ಹೆಸರಿಗೆ ಮೀಸಲಿಟ್ಟುದು ಬರಿ 30 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಇಂದಿನ ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಕಾಗುಣಿತದ ಗುರುತಿಗೂ ಮೂರು ಮೂರು ಬೈಟು ಬೇಕು. ‘ಶಿಶುನಾಳ ಶರೀಫ’ ಎಂಬ ಹೆಸರೊಂದಕ್ಕೇ 34 ಬೈಟು! ಹಳೆಯ ಟ್ಯಾಗಿನಲ್ಲಿ ನಮ್ಮ ಶರೀಫರಿಗೆ ಸ್ಥಳವೇ ಇರಲಿಲ್ಲವೆಂದಾಯಿತು. ಮುಂದೆ ಬಂದ ಎರಡನೆಯ ತರಹದ ಟ್ಯಾಗಿನಲ್ಲಿ ಈ ತೊಂದರೆಯಿಲ್ಲ. ಆದುದರಿಂದ ಪ್ಲೇಯರು ಹೊಸ ಟ್ಯಾಗನ್ನು ಬರೆಯಬಲ್ಲುದೆ, ಒತ್ತಕ್ಷರಗಳನ್ನು ಸರಿಯಾಗಿ ತೋರಿಸಬಲ್ಲುದೆ ಎಂದು ನೋಡಬೇಕು. 1997ರಲ್ಲಿ ಬಂದು ಲೋಕಪ್ರಿಯವಾದ ವಿನಾಂಪಿನ ಹಳೆಯ ಮುಖದಲ್ಲಿ ಅಕ್ಷರಗಳನ್ನು ಚಿತ್ರವಾಗಿ ಕೊರೆದಿಟ್ಟಿದ್ದರು. ಅಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ಬರೆಯುವವರೂ ಯೂನಿಕೋಡಿನಲ್ಲಿಯೇ ಬರೆಯಬೇಕು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಹೆಸರು ಪ್ಲೇಯರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಎರಡನೆಯದು, ಬರೆದವರು ಯಾರು, ಹಾಡಿದವರು ಯಾರು ಎಂಬುದನ್ನು ಬೇರೆ ಬೇರೆ ನಮೂದಿಸಲು ಅವಕಾಶವಿದೆಯೆ? ಭಾರತದಲ್ಲಿ ಗ್ರಾಮೋಫೋನಿಗಾಗಿ ಧ್ವನಿ ಮುದ್ರಿಸುವ ವ್ಯಾಪಾರ ಕಲ್ಕತ್ತೆಯಲ್ಲಿ ಆರಂಭವಾದುದು 1902ರಲ್ಲಿ. ಶರೀಫರು ಕಾಲವಾದುದು ಅದಕ್ಕಿಂತ 13 ವರ್ಷ ಮೊದಲು. ಹೀಗಿದ್ದರೂ ಎಷ್ಟೋ ಕಡತಗಳಲ್ಲಿ ಗಾಯಕರ ಸ್ಥಾನದಲ್ಲಿ ಶರೀಫರ ಹೆಸರನ್ನೇ ಬರೆದಿರುವುದುಂಟು. ಪದ ಶರೀಫರದು, ದನಿ ಸಿ. ಅಶ್ವತ್ಥರದೋ, ನಮ್ಮೂರ ಭಜನಾ ಮೇಳದ ಹಿರಿಯರದೋ ಆಗಿರುತ್ತದೆ. ಗೋಕಾಕರ ಕವಿತೆಯನ್ನು ಹಾಡಿದರೆ ಕವಿ, ರಾಗ ಹಾಕಿದವರು, ಗಾಯಕರು ಎಂದು ಮೂವರಿಗೂ ಸ್ಥಳ ಬೇಕು. ಖ್ಯಾಲ್ ಗಾಯನಕ್ಕೆ ರಾಗದ ಹೆಸರೂ ಬೇಕು. ಒಂದೇ ಹೆಸರನ್ನು ಎರಡು ಬಗೆಯಾಗಿ ಬರೆದರೆ ಗಂಗೂಬಾಯಿಯವರು ಪಟ್ಟಿಯಲ್ಲಿ ಇಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ಹತ್ತಾರು ಕಡತಗಳನ್ನು ಒಮ್ಮೆಗೇ ತಿದ್ದುವ ಸೌಕರ್ಯವಿದ್ದರೆ ಈ ಕಷ್ಟ ಹತ್ತು ನಿಮಿಷದಲ್ಲಿ ತೀರುತ್ತದೆ.

ಮೂರನೆಯದು, ಎಲ್ಲ ಜಾತಿಯ ಕಡತಗಳನ್ನೂ ನುಡಿಸುತ್ತದೆಯೆ? ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ ದನಿ 2012ರಲ್ಲಿ ಪ್ರಮಾಣವಾದ ಓಪಸ್ ಎಂಬ ರೀತಿಯದು. ಹಳೆಯ ಪ್ಲೇಯರುಗಳಿಗೆ ಅದು ತಿಳಿಯದು. ಸಿ.ಡಿ.ಯಲ್ಲಿರುವ ಗಾಯನವನ್ನು ಹಾಗೆಯೇ ಇಳಿಸಿಕೊಂಡರೆ ಒಂದು ತಾಸಿಗೆ ಸುಮಾರು 635 ಮೆಗಾಬೈಟು ಜಾಗ ಬೇಕು. 128 ಕಿಲೋಬಿಟ್ಟಿನ ಎಂಪಿ3 ಮಾಡಿದರೆ 58 ಮೆಗಾಬೈಟಿನಷ್ಟು ಸಾಕು, ಆದರೆ ದನಿಯ ಕೆಲವು ಅಂಶಗಳು ಹೋಗಿಬಿಡುತ್ತವೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ರೀತಿಯಲ್ಲಿ ಏನನ್ನೂ ಕಳೆದುಕೊಳ್ಳದೆ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾಯ್ದಿಡಬೇಕಾದುದನ್ನು ಫ್ಲ್ಯಾಕಿನಲ್ಲಿಡುವುದು ಉತ್ತಮ. ಇನ್ನೊಂದು ಮಾತು: ಎಂಪಿ3 ಮಾಡುವಾಗ ಕಡತದ ಮೊದಲು ಕೊನೆಗಳಲ್ಲಿ ತುಸು ಮೌನ ಸೇರಿಕೊಳ್ಳುತ್ತದೆ. ವಿಲಂಬಿತ ಮುಗಿದು ದ್ರುತ್ ಹಿಡಿಯುವಲ್ಲಿ, ಎರಡು ತುಂಡುಗಳ ನಡುವೆ ಆ ಮೌನವು ಎಡವಿದಂತೆ ಕೇಳಿಸುತ್ತದೆ. ಒಳ್ಳೆಯ ಪ್ಲೇಯರು ಅದನ್ನು ಕಳೆದು ಎಡೆಬಿಡದೆ ನುಡಿಸುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದುದು. ಕಣ್ಣಿಲ್ಲದ ಸಹಪಾಠಿ ಅದನ್ನು ನಡೆಸಬಲ್ಲನೆ? ಗವಾಯಿಗಳಿಬ್ಬರು ಹುಟ್ಟಿದ ನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳದಿರುವುದು ಶೋಭಿಸದು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ಸಾಧನವು 2006ರಲ್ಲಿ ಆಸ್ಟ್ರೇಲಿಯದಲ್ಲಿ ಅಂಧರೊಬ್ಬರಿಂದಲೇ ಆರಂಭವಾಯಿತು. ಅದಕ್ಕೆ ಬೆಲೆಯಿಲ್ಲ, ಕನ್ನಡವನ್ನೂ ಅದು ಓದಬಲ್ಲುದು. ಆದರೆ ಪ್ಲೇಯರಿನ ಗುಂಡಿಗಳು ಬರಿ ಚಿತ್ರಗಳಾಗಿದ್ದರೆ ಅದಾದರೂ ಏನು ಓದೀತು? ಕೀಲಿಮಣೆಯಿಂದಲೇ ಎಲ್ಲ ಕೆಲಸ ಸಾಗುವಂತಿರಬೇಕು. ಮೌಸನ್ನು ಬದಿಗಿಟ್ಟು, ಕಣ್ಣು ಮುಚ್ಚಿ ಹತ್ತು ನಿಮಿಷ ಪ್ರಯತ್ನಿಸಿದರೆ ಯಾವ ಪ್ಲೇಯರು ಎಂಥದೆಂಬುದು ಯಾರಿಗಾದರೂ ತಿಳಿದೀತು.

ಐದನೆಯದು, ಪ್ಲೇಯರು ಸತ್ತರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ವಿನಾಂಪು 1999ರಲ್ಲಿ ಒಂದು ಕಂಪನಿಗೆ ಮಾರಾಟವಾಯಿತು, 2013ರಲ್ಲಿ ಮುಚ್ಚುತ್ತೇವೆಂದರು, ಮರುವರ್ಷ ಮತ್ತೊಬ್ಬರ ಕೈಸೇರಿತು. ಆ್ಯಪಲ್ಲಿನವರ ಐಟ್ಯೂನ್ಸ್ 2001ರಲ್ಲಿ ಹುಟ್ಟಿ, 2019ರಲ್ಲಿ ಅವರದೇ ಮ್ಯಾಕ್ ಗಣಕಗಳಲ್ಲಿ ಬೇರೊಂದಕ್ಕೆ ಸ್ಥಾನ ಬಿಟ್ಟುಕೊಟ್ಟಿತು. ಪ್ಲೇಯರುಗಳಿಗೂ ಮುಪ್ಪುಂಟು, ಮರಣವುಂಟು. ವಿವರಗಳನ್ನು ಕಡತದೊಳಗೆ ಬರೆಯದೆ ತನ್ನ ಸ್ವಂತ ದಫ್ತರದಲ್ಲಿ ಬಚ್ಚಿಟ್ಟುಕೊಳ್ಳುವ ಪ್ಲೇಯರು ಹೋಗುವಾಗ ಅವನ್ನೂ ಒಯ್ಯುತ್ತದೆ. ಹಾಡುಗಳ ಸರದಿಪಟ್ಟಿಯನ್ನು ಕೂಡ ಯಾರಾದರೂ ತೆರೆದು ಓದಬಹುದಾದ ಸಾದಾ ಬರಹದ ಕಡತವಾಗಿ ಉಳಿಸುವಂತಿರಬೇಕು.

ಈ ಐದೂ ಪರೀಕ್ಷೆಗಳನ್ನು ಮಾಡಿದ ಮೇಲೆ ನನ್ನ ಮತವೇನು? ವಿಂಡೋಸ್ ಗಣಕದಲ್ಲಿ ಫೂಬಾರ್2000 ಎಂಬುದನ್ನು ನಾನು ಮೆಚ್ಚುತ್ತೇನೆ. ವಿನಾಂಪಿನ ಬಳಗದಲ್ಲಿ ಕೆಲಸ ಮಾಡಿದ್ದ ಪೀಟರ್ ಪಾವ್ಲೋವ್ಸ್ಕಿ ಎಂಬವರು 2002ರಲ್ಲಿ ಅದನ್ನು ಹೊರತಂದರು. ಹಣ ಕೇಳುವುದಿಲ್ಲ, ಹಳೆಯ ಗಣಕಕ್ಕೂ ಭಾರವಾಗುವುದಿಲ್ಲ, ಕಡತಗಳನ್ನು ಇದ್ದಲ್ಲಿಯೇ ಬಿಟ್ಟು ಪಟ್ಟಿ ಮಾಡುತ್ತದೆ, ಬೇಕಾದ ಹೆಸರಿನ ಅಂಕಣಗಳನ್ನು ನಾವೇ ಮಾಡಿಕೊಳ್ಳಬಹುದು. ಎನ್.ವಿ.ಡಿ.ಎ.ಯಲ್ಲಿ ಇದಕ್ಕಾಗಿ ಪ್ರತ್ಯೇಕ ಏರ್ಪಾಡಿದ್ದು, ಹಾಡು ಇನ್ನೆಷ್ಟು ಹೊತ್ತು ಉಳಿದಿದೆಯೆಂಬುದನ್ನೂ ಹೇಳಿಸಿಕೊಳ್ಳಬಹುದು. ದೋಷವಿಲ್ಲವೆಂದಲ್ಲ. ಮುಖ ನೀರಸ, ಅದರ ಒಳಗಿನ ರಚನೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿಲ್ಲ, ಲಿನಕ್ಸಿಗೆ ಅದು ಬಂದಿಲ್ಲ.

ನನ್ನ ಮಿತ್ರರಲ್ಲಿ ಹೆಚ್ಚಿನವರು ವಿ.ಎಲ್.ಸಿ.ಯ ಪಕ್ಷದವರು. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ತಮ್ಮ ಕಾಲೇಜಿನ ಸಲುವಾಗಿ ಕೈಗೊಂಡ ಕಾರ್ಯದಿಂದ ಹುಟ್ಟಿ, 2001ರಿಂದ ಸರ್ವರಿಗೂ ಮುಕ್ತವಾದ ಸಾಧನ ಅದು. ವಿದ್ಯಾರ್ಥಿಗಳಾದ ನಮಗೆ ಅಭಿಮಾನದ ವಸ್ತು. ಯಾವ ಕಡತವನ್ನು ಕೊಟ್ಟರೂ ಅದು ಹೆಚ್ಚಾಗಿ ಇಲ್ಲವೆನ್ನುವುದಿಲ್ಲ. ಆದರೆ ನೂರಾರು ಹಾಡುಗಳನ್ನು ಅಚ್ಚುಕಟ್ಟಾಗಿ ಹೊಂದಿಸಿಡುವ ಕೆಲಸ ಅದರದಲ್ಲ. ಜೊತೆಗೆ ಇರಲಿ, ಅದೊಂದೇ ಸಾಲದು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತುದರಿಂದ ಹಳೆಯ ಗಣಕಗಳನ್ನು ಲಿನಕ್ಸಿಗೆ ಬದಲಾಯಿಸುವವರಿದ್ದಾರೆ. ಅವರಿಗೆ ಸ್ಟ್ರಾಬೆರಿಯೋ ಆಡೇಶಿಯಸ್ಸೋ ಒದಗೀತು. ಮೊದಲನೆಯದು ದೊಡ್ಡ ಸಂಗ್ರಹಕ್ಕೆ, ಎರಡನೆಯದು ಹಗುರವಾದ ಕೇಳ್ಮೆಗೆ. ವಿವರವೆಲ್ಲ ಕಡತದೊಳಗೇ ಇದ್ದರೆ ಇಂದು ಇದು, ನಾಳೆ ಅದು ಎಂದು ಬದಲಿಸಿದರೂ ನಷ್ಟವಿಲ್ಲ.

ಕೊನೆಯದಾಗಿ ನಮ್ಮ ಕಾಲೇಜಿನ ಅಧಿಕಾರವರ್ಗದಲ್ಲಿ ಒಂದು ಬಿನ್ನಹ. ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಪಂಡಿತರು ತಮ್ಮ ಕೆಲಸ ಮಾಡುತ್ತಾರೆ. ಆದರೆ ಪ್ರತಿಯೊಂದು ಮನೆಯ ಅಜ್ಜಿಯ ಬಳಿಗೂ ಅವರು ಬರಲಾರರು. ಮೊಮ್ಮಕ್ಕಳಾದ ನಾವು ಅಲ್ಲಿಯೇ ಇದ್ದೇವೆ. ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿ ನಮಗೊಂದು ಫೋಲ್ಡರು ಕೊಡಲಿ. ಪ್ರತಿ ವಿದ್ಯಾರ್ಥಿಯೂ ದೀಪಾವಳಿಯ ರಜೆಯಲ್ಲಿ ತನ್ನ ಊರಿನಿಂದ, ಹಾಡಿದವರ ಒಪ್ಪಿಗೆ ಪಡೆದು, ಒಂದೇ ಒಂದು ಪದವನ್ನು ತರಲಿ. ಮಾರಾಟದ ಧ್ವನಿಮುದ್ರಿಕೆಗಳನ್ನು ಅದರಲ್ಲಿ ಬೆರೆಸುವುದು ಬೇಡ. ಅವುಗಳ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಒಡೆಯರದು. ಹಾಡಿದವರ ಹೆಸರು, ಊರು, ಪದದ ಮೊದಲ ಸೊಲ್ಲು, ತಾರೀಖು ಇಷ್ಟನ್ನು ಕಡತದೊಳಗೆ ಕನ್ನಡದಲ್ಲಿ ಬರೆದು, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡೋಣ. ಖರ್ಚು ಅಲ್ಪ, ಶ್ರಮವೂ ಅಲ್ಪ. ಈ ಕೆಲಸಕ್ಕೆ ಹಾಡುವವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೈಹಚ್ಚಬೇಕು. ಬರುವ ವರ್ಷದ ಸಂಚಿಕೆಯಲ್ಲಿ ನೂರು ಪದಗಳ ಪಟ್ಟಿಯೊಂದು ಅಚ್ಚಾಗಲಿ. ಅದರಲ್ಲಿ ನಾಲ್ಕೂ ತಾಲೂಕುಗಳ ಹೆಸರಿರಲಿ.