ಕಾಲುವೆಯ ಕೊನೆಯ ಹೊಲ

ಅಕ್ಕನ ಆಸ್ಪತ್ರೆ ಫೈಲು ಈಗಲೂ ನಮ್ಮ ಟ್ರಂಕಿನಲ್ಲಿದೆ. 1996ರಲ್ಲಿ ಅವಳಿಗೆ ಗರ್ಭಕೊರಳಿನ ಕ್ಯಾನ್ಸರ್ ಆದಾಗ ಲೋಕಾಪುರದಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ 25 ಸಲ ಕರೆಂಟ್ ಕೊಡಿಸಿದೆವು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಅನ್ನುವುದು. ಫೈಲಿನಲ್ಲಿ ‘50 ಗ್ರೇ’ ಎಂದು ಬರೆದಿತ್ತು. ಬ್ಯಾಂಕಿನ ಗುಮಾಸ್ತನಾದ ನನಗೆ 50 ಅರ್ಥವಾಯಿತು. ಗ್ರೇ ಅಂದರೆ ಬೂದು ಬಣ್ಣವೇನೋ ಅಂದುಕೊಂಡೆ! ಎರಡು ವರ್ಷಕ್ಕೆ ಗಡ್ಡೆ ಮತ್ತೆ ಬಂತು. “ಅಷ್ಟು ಕರೆಂಟ್ ಕೊಟ್ರೂ ಇದು ಹೆಂಗ ಉಳಕೊಂತೋ ತಮ್ಮಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ವಿಷಯದಲ್ಲಿ ಇದೇ ಕಾರಣ ಎಂದು ಹೇಳಲಾರೆ. ಆದರೆ ಗಡ್ಡೆ ಉಳಿದುಕೊಳ್ಳುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಮಕ್ಕಳೇ, ಘಟಪ್ರಭಾ ಕಾಲುವೆಯ ಮೇಲಿನ ಹೊಲದವರು ಕಬ್ಬಿಗೆ ನೀರು ಹರಿಸಿಕೊಂಡ ಮೇಲೆ ಕೊನೆಯ ಹೊಲಕ್ಕೆ ಏನು ಉಳಿಯುತ್ತದೆ? ಗಡ್ಡೆಯಲ್ಲಿಯೂ ಅದೇ ಕಥೆ. ಅದು ಬೆಳೆಯುವ ವೇಗಕ್ಕೆ ರಕ್ತನಾಳಗಳು ಸಾಲುವುದಿಲ್ಲ. ನಾಳದಿಂದ ಹೊರಟ ಆಮ್ಲಜನಕವನ್ನು ಹತ್ತಿರದ ಜೀವಕೋಶಗಳೇ ಬಳಸಿಬಿಡುತ್ತವೆ. ಮಿಲಿಮೀಟರಿನ ಐದನೇ ಒಂದು ಭಾಗ ದಾಟುವುದರೊಳಗೆ ಅದು ಮುಗಿದುಹೋಗುತ್ತದೆ. 1955ರಲ್ಲಿ ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ ಶ್ವಾಸಕೋಶದ ಗಡ್ಡೆಗಳ ತೆಳುವಾದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಕಂಡುಕೊಂಡರು. ನಾಳದಿಂದ ದೂರದ ಕೋಶಗಳು ಸತ್ತಿದ್ದವು. ಆ ಅಂಚಿನಲ್ಲಿ ಅರೆಹೊಟ್ಟೆಯಲ್ಲಿ ಬದುಕಿರುವವೇ ಮೊಂಡು. ಕರೆಂಟು ಜೀವಕೋಶದ ಡಿಎನ್‌ಎಯನ್ನು ಮುರಿಯುತ್ತದೆ, ಆಮ್ಲಜನಕವಿದ್ದರೆ ಆ ಮುರಿತ ಕೂಡಿಕೊಳ್ಳುವುದಿಲ್ಲ. ಅದಿಲ್ಲದ ಕಡೆ ಅಷ್ಟೇ ಪರಿಣಾಮಕ್ಕೆ ಸುಮಾರು ಮೂರು ಪಟ್ಟು ಕರೆಂಟು ಬೇಕು! ರಕ್ತದಲ್ಲಿ ಹೋಗುವ ಔಷಧವೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ.

ಅಂದ ಹಾಗೆ, ಫೈಲಿನಲ್ಲಿದ್ದ ಗ್ರೇ ಇದೇ ಮನುಷ್ಯನ ಹೆಸರು. ವಿಕಿರಣವನ್ನು ಅವರ ಹೆಸರಿನಲ್ಲೇ ಅಳೆಯುತ್ತಾರೆ.

ಇಲ್ಲಿಗೆ ನ್ಯಾನೋ ಬಂತು. ಒಂದು ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಬರೀ 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಯೊಳಗೆ ಔಷಧ ತುಂಬಿದ ‘ಡಾಕ್ಸಿಲ್’ಗೆ ಅಮೆರಿಕ 1995ರಲ್ಲೇ ಒಪ್ಪಿಗೆ ಕೊಟ್ಟಿತು. ಗಡ್ಡೆಯ ನಾಳಗಳ ಗೋಡೆಯಲ್ಲಿ ಸಂದುಗಳು ಹೆಚ್ಚು, ಗುಳ್ಳೆಗಳು ಅಲ್ಲಿ ಸೋರುತ್ತವೆ. ಹೃದಯಕ್ಕೆ ಆ ಔಷಧದ ಕಾಟ ಕಡಿಮೆಯಾಯಿತು.

ಈಗಿನ ಪ್ರಯತ್ನ ಕೊನೆಯ ಹೊಲಕ್ಕೇ. ಗಾಯಕ್ಕೆ ಹಚ್ಚಿದರೆ ಬುಸುಬುಸು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ನೋಡಿದ್ದೀರಲ್ಲ? ಆ ನೊರೆ ಆಮ್ಲಜನಕವೇ. ಗಡ್ಡೆಯೊಳಗೂ ಅದು ತುಸು ಹೆಚ್ಚೇ ಇರುತ್ತದೆ. ಮ್ಯಾಂಗನೀಸ್ ಡೈಆಕ್ಸೈಡಿನ ನ್ಯಾನೋ ಕಣ ಅಲ್ಲಿಗೆ ಹೋದರೆ ಅಲ್ಲೇ ಆಮ್ಲಜನಕ ಹುಟ್ಟುತ್ತದೆ, ಆಮೇಲೆ ಕರೆಂಟು ನಾಟುತ್ತದೆ. ಇನ್ನೊಂದು ದಾರಿ, ಆಮ್ಲಜನಕ ಇಲ್ಲದ ಕಡೆ ಮಾತ್ರ ಬಿಚ್ಚಿಕೊಳ್ಳುವ ಔಷಧ. ಕ್ರಾಸ್ ಮಾಡಿದ ಚೆಕ್ಕಿನ ಹಾಗೆ. ದಾರಿಯಲ್ಲಿ ಸಿಕ್ಕವರು ನಗದು ಮಾಡಿಕೊಳ್ಳುವಂತಿಲ್ಲ.

ಆದರೆ ಗಡ್ಡೆಯೊಳಗಿನ ಒತ್ತಡ ಕಣಗಳನ್ನು ಹೊರಗೆ ತಳ್ಳುತ್ತದೆ, ಎಷ್ಟೋ ಕಣಗಳು ಮೊದಲ ಹೊಲದಲ್ಲೇ ನಿಂತುಬಿಡುತ್ತವೆ. ಈ ಕೆಲಸ ಹೆಚ್ಚಾಗಿ ಇನ್ನೂ ಪ್ರಯೋಗಾಲಯದ ಇಲಿಗಳ ಮೇಲೆ ನಡೆದಿದೆ.

ಇದನ್ನು ಓದಿ ಹೇಳಿದಾಗ ಮೊಮ್ಮಗಳು ಕೇಳಿದಳು, “ಇಲಿಗೋಳು ಆರಾಮ ಆಗ್ಯಾವೇನು ಅಜ್ಜಾ?”

“ಕೆಲವು ಆಗ್ಯಾವವ್ವಾ” ಅಂದೆ.